ಪ್ಯಾಕ್‌ಮನ್ ಕಪ್ಪೆ ಟ್ಯಾಂಕಿಗೆ ಏನ್ ಹಾಸೋದು: ಕೋಕೋಪೀಟಾ, ಸ್ಫ್ಯಾಗ್ನಮ್ ಮಾಸಾ, ಟಿಶ್ಯೂನಾ?

ಅರ್ಜೆಂಟೀನಾ ಕಡೆ ಬಯಲಲ್ಲಿ ಇದು ಒದ್ದೆ ಮಣ್ಣೊಳಗೆ ಹೂತ್ಕೊಂಡು ಕಣ್ಣು ಮಾತ್ರ ಹೊರಗಿಟ್ಟು ಬೇಟೆಗೆ ಕಾಯೋ ಪ್ರಾಣಿ, ಹಾಗಾಗಿ ಹೂತ್ಕೊಳ್ಳೋಕೆ ಜಾಗ ಕೊಡೋದ್ರಲ್ಲಿ ಕೋಕೋಪೀಟೇ (ತೆಂಗಿನ ನಾರಿನ ಪುಡಿ) ಮುಂದು. ನರ್ಸರಿಲಿ ಕಮ್ಮಿ ದುಡ್ಡಿಗೆ ಸಿಗುತ್ತೆ, ಗೊಬ್ಬರ ಬೆರೆಸಿರ್ಬಾರ್ದು, ಉಪ್ಪಿನಂಶ ಹೋಗೋ ಹಾಗೆ ಚೆನ್ನಾಗಿ ತೊಳೀರಿ. ಸ್ಫ್ಯಾಗ್ನಮ್ ಮಾಸ್ ಅನ್ನೋ ಪಾಚಿ ತೇವ ಚೆನ್ನಾಗಿ ಹಿಡಿಯುತ್ತೆ ಆದ್ರೆ ದುಬಾರಿ, ಎಳೆನೂ ಉದ್ದ, ಊಟದ ಜೊತೆ ನುಂಗಿದ್ರೆ ಹೊಟ್ಟೆ ಕಟ್ಟೋ ಭಯ. ಕೋಕೋಪೀಟಲ್ಲೂ ಆ ಭಯ ಇದ್ದೇ ಇದೆ, ಅದಕ್ಕೆ ಹುಳನ ಇಕ್ಕಳದಲ್ಲಿ ಹಿಡಿದು ಕೊಡಿ.

ಕ್ಲೀನಿಂಗಿಗೆ ಒದ್ದೆ ಟಿಶ್ಯೂ ಪೇಪರ್ ಸುಲಭ, ಹಿಕ್ಕೆ ತಕ್ಷಣ ಕಾಣುತ್ತೆ, ಆದ್ರೆ ದಿನಾ ಬದಲಾಯಿಸ್ಲೇಬೇಕು ಯಾಕಂದ್ರೆ ಕಪ್ಪೆ ನೀರು ಹೀರೋದೇ ಚರ್ಮದಿಂದ, ಗಲೀಜಲ್ಲಿರೋ ಅಮೋನಿಯಾನೂ ಅದೇ ದಾರೀಲಿ ಒಳಗೆ ಹೋಗಿ ವಿಷ ಆಗುತ್ತೆ. ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ.

ಹೊಸದಾಗಿ ತಂದ ಮರಿ ಅಥ್ವಾ ಕಾಯಿಲೆ ಬಿದ್ದಿರೋದಾದ್ರೆ ಟಿಶ್ಯೂ. ಆರೋಗ್ಯವಾಗಿದ್ದು ವರ್ಷಗಟ್ಟಲೆ ಸಾಕೋದಾದ್ರೆ ಕೋಕೋಪೀಟ್ ಅನ್ನೋದು ನನ್ನ ಅಭಿಪ್ರಾಯ. ಎಸಿ ರೂಮು, ಒಣ ಹವೆ ಅಂದ್ರೆ ಒಂದು ಮೂಲೆಲಿ ಮಾಸ್ ಸೇರಿಸಿ. ಯಾವುದನ್ನೇ ಹಾಕಿದ್ರೂ ಕ್ಲೋರಿನ್ ತೆಗೆದ ನೀರೇ ಬಳಸಿ.