ಎರಡು ಕಂಬದ ಲಿಫ್ಟ್, ಎರಡು ಮಳೆಗಾಲ

ಕಳೆದ ವರ್ಷ ಜುಲೈನಲ್ಲಿ ನಮ್ಮ ಜಿಪ್ಸಿ ಮೂರು ದಿನ ನೆಲ ಮುಟ್ಟಲಿಲ್ಲ. ಶೆಡ್ಡಿನಲ್ಲಿ ನಾಲ್ಕಡಿ ಮೇಲೆ, ರಿಪೇರಿಗೆ ಗಾಡಿ ಎತ್ತುವ ಲಿಫ್ಟಿನಲ್ಲೇ ಇತ್ತು. ಕರೆಂಟ್ ಇಲ್ಲದೆ ಇಳಿಸಲು ಆಗಲಿಲ್ಲ. ಮನೆಯ ಶೆಡ್ಡಿಗೆ ಇಂಥ ಲಿಫ್ಟ್ ಹಾಕಿಸಬೇಕು ಅಂತ ಇರುವವರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ನಮ್ಮದು ಸಕಲೇಶಪುರದ ಹತ್ತಿರ. ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಮೊದಲು ಗುಂಡಿ ತೋಡಿಸೋಣ ಅಂದುಕೊಂಡಿದ್ದೆ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಸ್ವಲ್ಪ ಅಗೆದರೂ ನೀರು ಜಿನುಗುತ್ತದೆ. ಕತ್ತರಿ ಥರ ಮಡಚುವ ಲಿಫ್ಟ್ ಅಗ್ಗ, ಆದರೆ ಅದು ಗಾಡಿಯ ನಡುಭಾಗಕ್ಕೇ ಅಡ್ಡ ಕೂರುತ್ತದೆ. ಮುಂದಿನ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಜಿಪ್ಸಿಯಲ್ಲಿ ಇರುವುದು ಅಲ್ಲೇ, ಗೇರ್‌ಬಾಕ್ಸಿನಿಂದ ಬೇರೆಯಾಗಿ. ನನ್ನ ಅರ್ಧ ಕೆಲಸವೂ ಅಲ್ಲೇ. ಹಾಗಾಗಿ ಎರಡು ಕಂಬದ್ದು, 4 ಟನ್ನಿನದು, ಸಿಂಗಲ್ ಫೇಸ್ ಮೋಟಾರ್ ಇರುವುದನ್ನು ತಗೊಂಡೆ. ಒಂದೂವರೆ ಲಕ್ಷದ ಆಸುಪಾಸು ಆಯಿತು. ನಮಗೆ ಅದು ದೊಡ್ಡ ಮೊತ್ತವೇ.

ಶೆಡ್ಡಿನ ಶೀಟು 11 ಅಡಿ ಎತ್ತರದಲ್ಲಿದೆ. ಜಿಪ್ಸಿಯೇ ಆರಡಿಗಿಂತ ಜಾಸ್ತಿ. ಅದಕ್ಕೇ ಕಂಬಕ್ಕೆ ಸುಣ್ಣದಲ್ಲಿ ಗೆರೆ ಎಳೆದಿದ್ದೇನೆ, ಅದರ ಮೇಲೆ ಎತ್ತುವುದಿಲ್ಲ. ನೆಟ್ಟಗೆ ನಿಂತು ಕೆಲಸ ಮಾಡಲು ಆಗಲ್ಲ, ಸ್ಟೂಲಿನ ಮೇಲೆ ಕೂತು ಮಾಡುತ್ತೇನೆ. ನನಗೆ ಅದೇ ಹಿತ. ಕಂಬದ ಕೆಳಗೆ ಹಳೇ ನೆಲ ಒಡೆಸಿ, ಸರಳು ಕಟ್ಟಿಸಿ, ಎಂಟಿಂಚು ಕಾಂಕ್ರೀಟ್ ಹಾಕಿಸಿದೆ. ಕೂರಿಸಲು ಬಂದ ಹುಡುಗರು ವಾರಕ್ಕೇ ಕಂಬದ ಬೋಲ್ಟಿಗೆ ಡ್ರಿಲ್ ಮಾಡುತ್ತೇವೆ ಅಂದರು. ನಾನು ಬಿಡಲಿಲ್ಲ. 28 ದಿನ ನೀರು ಹಾಕಿ ಕಾದೆ. ಒಂದು ತಿಂಗಳ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆವು.

ಇನ್ನು ಆ ಮೂರು ದಿನದ ವಿಷಯ. ಈ ಲಿಫ್ಟಿನಲ್ಲಿ ಮೋಟಾರ್ ಎಣ್ಣೆಯನ್ನು ಒತ್ತಿ ಗಾಡಿ ಎತ್ತುತ್ತದೆ. ಗಾಡಿಯನ್ನು ಆ ಎಣ್ಣೆಯ ಒತ್ತಡದ ಮೇಲೆ ಬಿಟ್ಟು ಅದರ ಕೆಳಗೆ ಹೋಗಬಾರದು. ಎತ್ತಿದ ಮೇಲೆ ಸ್ವಲ್ಪ ಇಳಿಸಿ, ಎರಡೂ ಕಂಬದ ಕಬ್ಬಿಣದ ಲಾಕಿನ ಮೇಲೆ ಕೂರಿಸಬೇಕು. ಇಳಿಸಲು ಮೋಟಾರ್ ಬೇಡ, ಗಾಡಿಯ ಭಾರಕ್ಕೆ ಎಣ್ಣೆ ತಾನಾಗಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಆದರೆ ಲಾಕ್ ಬಿಡಿಸಬೇಕಾದರೆ ಮೊದಲು ಒಂದೆರಡು ಇಂಚು ಮೇಲೆತ್ತಬೇಕು. ಆ ಒಂದೆರಡು ಇಂಚಿಗೆ ಮೋಟಾರ್ ಬೇಕೇ ಬೇಕು. ಅದು 3 ಎಚ್‌ಪಿ ಮೋಟಾರು. ಮನೆಯ ಇನ್ವರ್ಟರಿಗೆ ಆಗುವ ಕೆಲಸವಲ್ಲ. ಅವತ್ತು ಗಾಳಿಗೆ ಮರ ಬಿದ್ದು ಲೈನ್ ಹೋಗಿತ್ತು. ಅಪ್ಪನ ಬಿಪಿ ಮಾತ್ರೆಯೂ ಮುಗಿದಿತ್ತು. ಪಕ್ಕದ ಮನೆಯವರ ಸ್ಕೂಟರ್ ಇಸ್ಕೊಂಡು, ಮಳೆಯಲ್ಲಿ ನೆನೆದುಕೊಂಡು ಪೇಟೆಗೆ ಹೋಗಿ ತಂದೆ. ಮಾರಿದವರಿಗೆ ಫೋನ್ ಮಾಡಿದರೆ, "ಅದಕ್ಕೆ ಹ್ಯಾಂಡ್ ಪಂಪ್ ಬರುತ್ತಲ್ಲ ಸಾರ್, ನೀವು ಕೇಳಲಿಲ್ಲ" ಅಂದರು. ಕರೆಂಟ್ ಇಲ್ಲದಾಗ ಕೈಯಿಂದಲೇ ಎಣ್ಣೆ ಒತ್ತಿ ಗಾಡಿ ಎತ್ತುವ ಇಂಥದ್ದೊಂದು ಇದೆ ಅಂತ ಗೊತ್ತಿದ್ದರೆ ತಾನೇ ಕೇಳುವುದು? ಮಲೆನಾಡಿಗೆ ಲಿಫ್ಟ್ ಮಾರುವವರು ಮೊದಲು ಹೇಳಬೇಕಾದ ಮಾತು ಅದು. ಆ ಸಿಟ್ಟು ನನಗೆ ತುಂಬಾ ದಿನ ಇತ್ತು.

ಆದರೂ ಲಿಫ್ಟನ್ನು ಬಯ್ಯಲು ಮನಸ್ಸು ಬರುವುದಿಲ್ಲ. ಭಾನುವಾರ ಕಾಫಿ ಕುಡಿದು ಶೆಡ್ಡಿಗೆ ಹೋಗುತ್ತೇನೆ. ಗಾಡಿಯನ್ನು ಹೊರುವ ನಾಲ್ಕೂ ಆರ್ಮ್ ತಿರುಗಿಸಿ, ರಬ್ಬರ್ ಪ್ಯಾಡನ್ನು ಚಾಸಿಗೆ ಸರಿಯಾಗಿ ಕೂರಿಸುತ್ತೇನೆ. ಚಕ್ರ ನೆಲ ಬಿಟ್ಟು ಒಂದು ಗೇಣು ಎದ್ದ ಕೂಡಲೇ ನಿಲ್ಲಿಸಿ, ಬಂಪರ್ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಅಲುಗದಿದ್ದರೆ ಮಾತ್ರ ಮುಂದಕ್ಕೆ. ಲಾಕುಗಳು ಟಕ್, ಟಕ್ ಅಂತ ಎರಡೂ ಕಡೆ ಒಟ್ಟಿಗೆ ಬೀಳಬೇಕು, ಕಿವಿ ಅಲ್ಲೇ ಇರುತ್ತದೆ. ಆಮೇಲೆ ಗ್ರೀಸ್ ಗನ್. ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಒಂದೊಂದೇ ಕ್ರಾಸಿನ, ಅಂದರೆ ಕೀಲಿನ, ಗ್ರೀಸ್ ತುಂಬುವ ನಿಪ್ಪಲ್ ಒರೆಸಿ ಗನ್ ಒತ್ತುತ್ತೇನೆ. ಹಳೇ ಗ್ರೀಸ್ ಕೆಸರು ಬೆರೆತು ಕಪ್ಪಗೆ ಹೊರಗೆ ಬರುತ್ತದೆ. ಹಿಂದೆಯೇ ಹೊಸದು ಕೆಂಪಗೆ ಇಣುಕುತ್ತದೆ. ಅಷ್ಟಾದರೆ ಸಾಕು.

ಅಪ್ಪ ಮೊದಲೆಲ್ಲ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗುತ್ತಿದ್ದರು. ಕಣ್ಣಿಗೆ ಮಣ್ಣು ಉದುರುತ್ತಿತ್ತು. ಬೆನ್ನು ನೋವು ಶುರುವಾದ ಮೇಲೆ ಬಿಟ್ಟಿದ್ದರು. ಈಗ ತಮ್ಮದೇ ಸ್ಟೂಲ್ ತಂದುಕೊಂಡು ನನ್ನ ಎದುರು ಕೂರುತ್ತಾರೆ. ಕೈಯಲ್ಲಿ ವೈರ್ ಬ್ರಷ್. ಚಾಸಿಯ ಮೂಲೆಯಲ್ಲಿ ತುಕ್ಕು ಎಲ್ಲಿ ಶುರುವಾಗಿದೆ ಅಂತ ನನಗಿಂತ ಮೊದಲು ಅವರಿಗೇ ಕಾಣುತ್ತದೆ. ಉಜ್ಜಿ, ರೆಡ್ ಆಕ್ಸೈಡ್ ಹಚ್ಚುತ್ತಾರೆ. ಲಿಫ್ಟ್ ತರುವಾಗ ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಹ್ಯಾಂಡ್ ಪಂಪನ್ನು ಈ ವರ್ಷ ಮೇ ತಿಂಗಳಲ್ಲೇ ಹಾಕಿಸಿದೆ. ಹೋದ ವಾರ ಗ್ರೀಸ್ ಹೊಡೆಯುತ್ತಿರುವಾಗಲೇ ಮತ್ತೆ ಕರೆಂಟ್ ಹೋಯಿತು. ಅಪ್ಪ ಟಾರ್ಚ್ ಹಿಡಿದರು. ನಾನು ಪಂಪ್ ಒತ್ತಿದೆ. ತೋಳು ನೋಯುವಷ್ಟು ಹೊತ್ತಾಯಿತು. ಗಾಡಿ ಎರಡಿಂಚು ಮೇಲೆದ್ದಿತು, ಲಾಕ್ ಬಿಟ್ಟಿತು. ಜಿಪ್ಸಿ ನಿಧಾನಕ್ಕೆ ಇಳಿದು ನಾಲ್ಕೂ ಚಕ್ರ ಊರಿತು.