ಆರು ಟೋಪಿಯೋ, ಅಂಕದ ಪಟ್ಟಿಯೋ?

ಯಾವ ಕೋರ್ಸ್ ಸೇರಲಿ ಎಂದು ವಿದ್ಯಾರ್ಥಿ ಒದ್ದಾಡುವಾಗ ಯಾವ ವಿಧಾನ ಹೇಳಿಕೊಡಬೇಕು? ಲೇಖಕ ಎಡ್ವರ್ಡ್ ಡಿ ಬೋನೊ 1985ರಲ್ಲಿ ಪರಿಚಯಿಸಿದ ಆರು ಟೋಪಿಗಳ ವಿಧಾನದಲ್ಲಿ ಒಂದೇ ವಿಷಯವನ್ನು ಆರು ಕಡೆಯಿಂದ ನೋಡುತ್ತಾರೆ; ಒಂದೊಂದು ಬಣ್ಣದ ಟೋಪಿ ಎಂದರೆ ಒಂದೊಂದು ಬಗೆಯ ಯೋಚನೆ. ಉದಾಹರಣೆಗೆ, ಬಿಳಿ ಟೋಪಿಗೆ ಬರೀ ಮಾಹಿತಿ, ಕಪ್ಪಿಗೆ ಅಪಾಯ, ಕೆಂಪಿಗೆ ಭಾವನೆ. "ನಂಗೆ ಗಣಿತ ಅಂದ್ರೆ ಭಯ" ಎಂಬ ಮಾತು ಹೊರಬರುವುದು ಕೆಂಪು ಟೋಪಿಯಲ್ಲೇ. ಆದರೆ ಕೊನೆಯ ಆಯ್ಕೆ ಇದರಿಂದ ತಾನಾಗಿ ಸಿಗುವುದಿಲ್ಲ.

ಅಂಕದ ಪಟ್ಟಿ ಇದಕ್ಕೆ ಉಲ್ಟಾ. ಆಸಕ್ತಿಗೆ 5, ಖರ್ಚಿಗೆ 3 ಎಂದು ತೂಕ ಕೊಟ್ಟು, ಪ್ರತಿ ಕೋರ್ಸಿಗೂ ಅಂಕ ಹಾಕಿ, ಗುಣಿಸಿ ಕೂಡಿದರೆ ಉತ್ತರ ಸಿಗುತ್ತದೆ. ಆದರೆ ಪಟ್ಟಿಯಲ್ಲಿ ಬರೆಯದ ಭಯ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?

ಹಾಗಾಗಿ ದೊಡ್ಡ ನಿರ್ಧಾರಕ್ಕೆ ಮೊದಲು ಟೋಪಿ, ಆಮೇಲೆ ಪಟ್ಟಿ. ಗುಂಪಿನ ಪ್ರಾಜೆಕ್ಟಿಗೆ ಟೋಪಿಗಳೇ ಸಾಕು. ಸಮಯ ಕಡಿಮೆಯಿದ್ದರೆ ಕೆಂಪು, ಕಪ್ಪು ಎರಡನ್ನಾದರೂ ಬಿಡಬೇಡಿ.