ಪಿಸಿಎಂ ಜೊತೆ ನಾಲ್ಕನೆಯದು ಯಾವುದು? ನನ್ನ ಓಟು ಬಯಾಲಜಿಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಮಂಗಳೂರಿನ ಕ್ಯಾಥೊಲಿಕ್ ಪಿಯು ಕಾಲೇಜುಗಳ ಕಚೇರಿ ಮುಂದೆ ಸಾಲು ಶುರುವಾಗುತ್ತದೆ. ಸೈನ್ಸ್ ಅಂದ ಮೇಲೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ (ಪಿಸಿಎಂ) ಬಗ್ಗೆ ಹೆಚ್ಚಿನವರಿಗೆ ಗೊಂದಲವಿಲ್ಲ. ಪೆನ್ನು ನಿಲ್ಲುವುದು ನಾಲ್ಕನೆಯದರ ಹತ್ತಿರ: ಬಯಾಲಜಿ, ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಸ್ಟ್ಯಾಟಿಸ್ಟಿಕ್ಸ್. ನಾಲ್ಕೂ ಕಾಂಬಿನೇಷನ್‌ಗಳ ಮಕ್ಕಳನ್ನು ಲ್ಯಾಬಿನಲ್ಲೂ ಕೌನ್ಸೆಲಿಂಗ್ ಮೇಜಿನಲ್ಲೂ ನೋಡಿದ ಮೇಲೆ ನನ್ನ ಮತ ಇಷ್ಟು: ಮುಂದೇನು ಅಂತ ಇನ್ನೂ ತೀರ್ಮಾನವಾಗದ, ದಿನಕ್ಕೆ ಒಂದೂವರೆ ಗಂಟೆ ಪುಸ್ತಕ ಹಿಡಿದು ಕೂರಬಲ್ಲ ಮಗುವಿಗೆ ಬಯಾಲಜಿ.

ಕಾರಣ ಸರಳ. ಬಯಾಲಜಿ ಇಲ್ಲದಿದ್ದರೆ ಎಂಬಿಬಿಎಸ್ ಜೊತೆಗೆ ಆಯುರ್ವೇದ, ಪಶುವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್, ಫಿಸಿಯೋಥೆರಪಿ, ಬಿ.ಎಸ್ಸಿ. ಕೃಷಿಗೂ ಅಡ್ಡಿ. ಕಂಪ್ಯೂಟರ್ ಸೈನ್ಸ್ ಓದದೇ ಇದ್ದರೆ ಮುಚ್ಚುವ ಬಾಗಿಲು ಯಾವುದು? ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಬ್ರಾಂಚ್ ಸೇರುವುದಕ್ಕೂ ಪಿಯುವಿನ ಕಂಪ್ಯೂಟರ್ ಕಡ್ಡಾಯವಲ್ಲ. ಅಲ್ಲಿ ಮೊದಲ ವರ್ಷ ಪ್ರೋಗ್ರಾಮಿಂಗ್ ಅನ್ನು ಬುಡದಿಂದಲೇ ಹೇಳಿಕೊಡುತ್ತಾರೆ.

"ಬಯಾಲಜಿ ತಗೊಂಡ್ರೆ ಇಂಜಿನಿಯರಿಂಗ್ ರ‍್ಯಾಂಕ್ ಬೀಳ್ತದಲ್ವಾ?" ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಸಿಎಂನ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬಯಾಲಜಿಯಲ್ಲಿ 70 ಬಂದರೂ 95 ಬಂದರೂ ಆ ಲೆಕ್ಕಕ್ಕೆ ಅದು ಸೇರುವುದೇ ಇಲ್ಲ. ಹಾಳಾಗುವುದಿದ್ದರೆ ಸಮಯ ಹಾಳಾಗಬೇಕು, ಅಷ್ಟೇ.

ಸಮಯ ಹಾಳಾಗುವುದು ಹೇಗೆ ಅಂದರೆ, ಬಯಾಲಜಿ ಸೆಕ್ಷನ್‌ಗೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಕೋಚಿಂಗ್ ಕಟ್ಟಿಬಿಡುವ ಪದ್ಧತಿಯಿಂದ. ಈ ಕಾಂಬಿನೇಷನ್‌ನ ದೊಡ್ಡ ಕಿರಿಕಿರಿ ಇದೇ. ಇಂಥ ಕಾಲೇಜಿನಲ್ಲಿ ಪಿಸಿಎಂಬಿ ಅಂದರೆ ಬೆಳಿಗ್ಗೆ ಬೇಗ ಕೋಚಿಂಗ್, ನಡುವೆ ಕಾಲೇಜು, ಸಂಜೆ ಮತ್ತೆ ಕೋಚಿಂಗ್, ಭಾನುವಾರ ಟೆಸ್ಟ್. ನೀಟ್‌ನ 180 ಪ್ರಶ್ನೆಗಳಲ್ಲಿ 90 ಬಯಾಲಜಿಯವೇ ಆದ್ದರಿಂದ ವೈದ್ಯಕೀಯವೇ ಬೇಕು ಅನ್ನುವವರಿಗೆ ಈ ದುಡಿಮೆ ಸರಿ. ಕೃಷಿಗೋ ನರ್ಸಿಂಗಿಗೋ ಹೋಗುವ ಮನಸ್ಸಿರುವ, ಅಥವಾ ಬಾಗಿಲು ತೆರೆದಿಟ್ಟುಕೊಳ್ಳೋಣ ಅಂತಷ್ಟೇ ಬಯಾಲಜಿ ತಗೊಂಡ ಮಗು ಮಾತ್ರ ವಿನಾಕಾರಣ ಸೋತು ಸುಣ್ಣವಾಗುತ್ತದೆ. ಮ್ಯಾತ್ಸ್ ಹೋಂವರ್ಕಿಗೆ ಉಳಿಯುವುದು ರಾತ್ರಿ ಒಂಬತ್ತರ ನಂತರದ ಹೊತ್ತು, ಮತ್ತು ಮೊದಲು ಕುಸಿಯುವುದೂ ಮ್ಯಾತ್ಸೇ.

ದುಡ್ಡು ಕಟ್ಟುವ ಮುಂಚೆ ಕಚೇರಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಕಾಲೇಜು ಫೀಸಿಗೂ ಕೋಚಿಂಗ್ ಫೀಸಿಗೂ ಬೇರೆ ಬೇರೆ ರಸೀದಿ ಇದೆಯೇ? ಕೋಚಿಂಗ್ ಬೇಡ ಅಂದವರು ಪಿಸಿಎಂಬಿಯಲ್ಲೇ ಇರಬಹುದೇ, ಅವರಿಗೆ ಟೈಂಟೇಬಲ್ ಬೇರೆಯೇ? ಅರ್ಧ ವರ್ಷಕ್ಕೆ ಕೋಚಿಂಗ್ ಬಿಟ್ಟರೆ ಎಷ್ಟು ವಾಪಸ್? ಕೊನೆಯದು, ಮೊದಲ ಪಿಯುವಿನಲ್ಲಿ ವಾರಕ್ಕೆ ಎಷ್ಟು ಲ್ಯಾಬ್? ಕೋಚಿಂಗ್ ಜೋರಿರುವ ಕಡೆ ಮೊದಲು ಕತ್ತರಿ ಬೀಳುವುದು ಲ್ಯಾಬಿಗೆ, ಪ್ರಾಕ್ಟಿಕಲ್‌ನ 30 ಅಂಕ ಇರುವುದೂ ಅಲ್ಲೇ. ರಸೀದಿ ಒಂದೇ ಅಂದರೆ ನಾನು ಆ ಸೀಟು ಬಿಡುತ್ತೇನೆ. ಕೋಚಿಂಗ್ ಇಲ್ಲದ, ಬರೀ ಕಾಲೇಜು ಫೀಸಿನ ಪಿಸಿಎಂಬಿಯೇ ನನ್ನ ಆಯ್ಕೆ.

ಮಗುವಿಗೆ ಬಯಾಲಜಿ ಒಗ್ಗುತ್ತದೋ ಇಲ್ಲವೋ ತಿಳಿಯಲು ಕೋಶ ವಿಭಜನೆ ನೋಡಲು ಮಾಡುವ ಈರುಳ್ಳಿ ಬೇರಿನ ಸ್ಲೈಡ್‌ನಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ನೀರಿನ ಗ್ಲಾಸಿನ ಬಾಯಿಗೆ ಈರುಳ್ಳಿಯ ಬುಡ ತಾಗಿಸಿಟ್ಟು ಬೇರು ಬರಿಸಿ, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ತುದಿ ಕತ್ತರಿಸಬೇಕು. ಒಂದು ಪಾಲು ಅಸಿಟಿಕ್ ಆಸಿಡ್, ಮೂರು ಪಾಲು ಆಲ್ಕೋಹಾಲ್‌ನಲ್ಲಿ 24 ಗಂಟೆ. ಆಮೇಲೆ ಸ್ಲೈಡಿನ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ, ಅಸಿಟೋಕಾರ್ಮಿನ್ ಅನ್ನುವ ಬಣ್ಣ ಎರಡು ಮೂರು ಹನಿ, ಸ್ಪಿರಿಟ್ ದೀಪದ ಮೇಲೆ ಹದವಾದ ಬಿಸಿ. ಬಣ್ಣ ಹಿಡಿದ 2–3 ಮಿಲಿಮೀಟರ್ ತುದಿಯನ್ನಷ್ಟೇ ಉಳಿಸಿಕೊಂಡು, ಕವರ್ ಸ್ಲಿಪ್ ಹಾಕಿ ಹೆಬ್ಬೆರಳಲ್ಲಿ ಒತ್ತಬೇಕು. ಬಿಸಿ ಹೆಚ್ಚಾದರೆ ಬಣ್ಣ ಒಣಗಿ ಹರಳುಗಟ್ಟುತ್ತದೆ. ಒತ್ತುವಾಗ ಬೆರಳು ಜಾರಿದರೆ ಕೋಶಗಳೆಲ್ಲ ಸುರುಳಿ ಸುತ್ತುತ್ತವೆ. ತುದಿ ಬಿಟ್ಟು ಮೇಲಿನ ಭಾಗ ಇಟ್ಟರೆ ವಿಭಜನೆಯೇ ಕಾಣುವುದಿಲ್ಲ. ಮೂರು ಸಲ ಕೆಟ್ಟ ಮೇಲೂ ನಾಲ್ಕನೇ ಬೇರಿಗೆ ಕೈ ಹಾಕುವ ಮಗುವಿಗೆ ಈ ವಿಷಯ ಕೊಡಿ.

ಪುಸ್ತಕ ನೋಡಿದರೇ ನಿದ್ದೆ ಬರುತ್ತದೆ ಅನ್ನುವವರಿಗೆ ನನ್ನ ಎರಡನೇ ಆಯ್ಕೆ ಸ್ಟ್ಯಾಟಿಸ್ಟಿಕ್ಸ್. ಸೂಚ್ಯಂಕ, ಕಾಲಶ್ರೇಣಿ, ಊಹೆಯ ಪರೀಕ್ಷೆ, ಎಲ್ಲವೂ ಲೆಕ್ಕ. ಮುಂದೆ ಎಕನಾಮಿಕ್ಸ್, ಬಿಕಾಂ, ಡೇಟಾ ಕೆಲಸ ಯಾವುದಕ್ಕೂ ಬರುತ್ತದೆ. ಕಂಪ್ಯೂಟರ್ ಸೈನ್ಸ್ ಮೂರನೆಯದು: ಅಂಕ ಸುಲಭ, ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ಕಲಿತದ್ದು ಉಪಯೋಗಕ್ಕೆ ಬರುತ್ತದೆ, ಇಂಜಿನಿಯರಿಂಗ್ ಖಚಿತವಾದವರಿಗೆ ಧಾರಾಳವಾಗಿ ಸಾಕು. ಎಲೆಕ್ಟ್ರಾನಿಕ್ಸ್ ಅನ್ನು ಲ್ಯಾಬ್ ನೋಡದೆ ಆರಿಸಬೇಡಿ. 7486, 7408 ಐಸಿಗಳ 14ನೇ ಕಾಲಿಗೆ 5 ವೋಲ್ಟ್, 7ಕ್ಕೆ ಗ್ರೌಂಡ್ ಕೊಟ್ಟು ಹಾಫ್ ಆಡರ್ (ಎರಡು ಬಿಟ್ ಕೂಡುವ ಸರ್ಕ್ಯೂಟ್) ಮಾಡುವಾಗ ಬ್ರೆಡ್‌ಬೋರ್ಡ್ ಸಡಿಲವಿದ್ದರೆ ಎಲ್‌ಇಡಿ ಉರಿಯುವುದಿಲ್ಲ, ತಪ್ಪು ತನ್ನದೋ ಬೋರ್ಡಿನದೋ ಮಗುವಿಗೆ ತಿಳಿಯುವುದೂ ಇಲ್ಲ.

ಮಾರ್ಗದರ್ಶನದಲ್ಲೂ ಇದೇ ಥರ ಆಯ್ಕೆ ಇದೆ. ಹಾಲ್ ತುಂಬಿಸಿ ಮಾಡುವ ಸೆಮಿನಾರ್ ಕೋರ್ಸುಗಳ ಹೆಸರು ಕೇಳುವುದಕ್ಕೆ ಮಾತ್ರ. ದುಡ್ಡು ಕೊಟ್ಟು ಮಾಡಿಸುವ ಆಪ್ಟಿಟ್ಯೂಡ್ ಟೆಸ್ಟ್‌ನ ವರದಿ ದಪ್ಪವಿರುತ್ತದೆ, ಆದರೆ ಮಗು ಮನೆಯವರ ಆಸೆಯನ್ನೇ ಉತ್ತರವಾಗಿ ತುಂಬಿದ್ದರೆ ವರದಿಯೂ ಅದನ್ನೇ ಹೇಳುತ್ತದೆ. ಶಾಲೆಯ ಕೌನ್ಸೆಲರ್ ಜೊತೆ ಮುಕ್ಕಾಲು ಗಂಟೆಯ ಮಾತೇ ಇವೆರಡಕ್ಕಿಂತ ಮೇಲು. 1960ರಿಂದ ರೋಶನಿ ನಿಲಯ ಕಾಲೇಜು ಸಮಾಜಕಾರ್ಯ ಕಲಿಸುತ್ತಿರುವ ಊರಿದು; ತರಬೇತಾದ ಕೌನ್ಸೆಲರ್ ಸಿಗುವುದು ಇಲ್ಲಿ ಕಷ್ಟವಲ್ಲ. ಎಂಟು, ಒಂಬತ್ತು, ಹತ್ತರ ಮೂರೂ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ, ಮೊದಲ ಇಪ್ಪತ್ತು ನಿಮಿಷ ಮಗುವನ್ನು ಒಬ್ಬನನ್ನೇ ಒಳಗೆ ಬಿಡಿ. ರಜೆಯಲ್ಲಿ ನಡೆಯುವ ದೈವಕರೆಯ ಶಿಬಿರ ಗುರುಗಳೋ ಸಿಸ್ಟರೋ ಆಗುವ ಒಲವಿರುವ ಮಕ್ಕಳಿಗಾಗಿ. ಕೋರ್ಸಿನ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕಬೇಡಿ.

ಇನ್ನೊಂದು: ಕಾಂಬಿನೇಷನ್ ಬದಲಾಯಿಸಲು ಕೊನೆಯ ದಿನ ಯಾವುದೆಂದು ಸೇರುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ತಡವಾಗಿ ಬಯಾಲಜಿಗೆ ಬಂದವರು ಅಷ್ಟರವರೆಗಿನ ರೆಕಾರ್ಡ್, ಚಿತ್ರ ಎಲ್ಲವನ್ನೂ ಕೂತು ಮುಗಿಸಬೇಕಾಗುತ್ತದೆ.